ಆಪತ್ತಿಗೊಂದು ಪುಟ್ಟ ಪಿಸ್ತೂಲು: ಪದೇ ಪದೇ ಕೇಳುವ ಪ್ರಶ್ನೆಗಳು

ಪಿಸ್ತೂಲು, ರಿವಾಲ್ವರ್ ಮಾತು ಬಂದಾಗಲೆಲ್ಲ ಜನ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಕೆಲವು ಎದುರಿಗೆ ಸಿಕ್ಕಾಗ ಕೇಳಿದ್ದು, ಕೆಲವು ಬರೆದು ಕೇಳಿದ್ದು. ಅವರ ಮಾತಿನಲ್ಲೇ ಇಟ್ಟಿದ್ದೇನೆ. ಕಾನೂನಿನ ಪ್ರಕಾರ ಆಯುಧ ಇಟ್ಟುಕೊಳ್ಳಬಲ್ಲವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದ ಉತ್ತರಗಳಿವು.

## ತೆಗೆದುಕೊಳ್ಳುವ ಮೊದಲು

ನನಗೆ ನಿಜಕ್ಕೂ ಒಂದು ಪಿಸ್ತೂಲು ಬೇಕಾ?

ಬಹಳ ಜನಕ್ಕೆ ಬೇಡ. ಹೀಗಂದರೆ ಕೇಳಿದವರ ಮುಖ ಸಪ್ಪಗಾಗುತ್ತದೆ, ಆದರೂ ಮೊದಲು ಇದನ್ನೇ ಹೇಳುತ್ತೇನೆ. ನಿಮ್ಮ ಮನೆ ಬಾಗಿಲಿನ ಚಿಲಕ ಕೂತಿರುವ ಜಾಗ ನೋಡಿ. ಸ್ಕ್ರೂಗಳು ಚೌಕಟ್ಟಿನ ಮರದೊಳಗೆ ಅರ್ಧ ಇಂಚಷ್ಟೇ ಇಳಿದಿದ್ದರೆ ಒಂದೆರಡು ಒದೆತಕ್ಕೆ ಇಡೀ ಚಿಲಕ ಕಿತ್ತು ಬರುತ್ತದೆ. ಅದನ್ನು ಸರಿಮಾಡದೆ ಪಿಸ್ತೂಲು ಹುಡುಕುವುದರಲ್ಲಿ ಅರ್ಥವಿಲ್ಲ. ಗಟ್ಟಿ ಬಾಗಿಲು, ಹೊರಗೊಂದು ದೀಪ, ಬೊಗಳುವ ನಾಯಿ, ಹಾಸಿಗೆ ಪಕ್ಕ ಚಾರ್ಜ್ ಆಗಿರುವ ಫೋನು, ಇವೆಲ್ಲ ಮೊದಲು. ಪೆಪ್ಪರ್ ಸ್ಪ್ರೇ ನಾಲ್ಕಾರು ಹೆಜ್ಜೆ ದೂರದವರೆಗೆ ಚೆನ್ನಾಗಿ ಕೆಲಸ ಮಾಡುತ್ತದೆ. ತಪ್ಪಿ ಯಾರಿಗೋ ತಗುಲಿದರೂ ಮುಖ ತೊಳೆದುಕೊಂಡು ಎದ್ದು ನಡೆಯುತ್ತಾರೆ.

ಪಿಸ್ತೂಲು ಹೊರಗೆ ಬರಬೇಕಾದ ಸಂದರ್ಭ ಒಂದೇ. ಜೀವಕ್ಕೆ ಕುತ್ತು ಬಂದಿದೆ, ಓಡಲು ದಾರಿಯಿಲ್ಲ, ಬೇರೆ ಉಪಾಯವೂ ಇಲ್ಲ. ಟಿವಿ ಹೊತ್ತುಕೊಂಡು ಓಡುವವನ ಬೆನ್ನಿಗೆ ಹೊಡೆಯಲು ಅಲ್ಲ. "ಸುಮ್ನೆ ತೋರಿಸಿ ಹೆದರಿಸೋಣ" ಅನ್ನುವವರು ತೆಗೆದುಕೊಳ್ಳಲೇಬಾರದು.

ಇನ್ನೊಂದು ಮಾತು. ಮನೆಯಲ್ಲಿ ಯಾರಾದರೂ ಖಿನ್ನತೆಯಲ್ಲಿದ್ದರೆ, ಕುಡಿತ ಮಿತಿ ಮೀರಿದ್ದರೆ, ಗಂಡ ಹೆಂಡತಿ ಜಗಳ ಕೈ ಮಾಡುವವರೆಗೆ ಹೋಗುತ್ತಿದ್ದರೆ, ಆ ಮನೆಗೆ ಈಗ ಬಂದೂಕು ಬರಬಾರದು. ಬಂದೂಕಿನಿಂದ ಜೀವ ತೆಗೆದುಕೊಳ್ಳಲು ಹೋದವರಲ್ಲಿ ಹತ್ತಕ್ಕೆ ಎಂಟೊಂಬತ್ತು ಜನ ಉಳಿಯುವುದಿಲ್ಲ. ಮನಸ್ಸು ಬದಲಾಗಲು ಅದು ಪುರುಸೊತ್ತು ಕೊಡುವುದಿಲ್ಲ. ಈಗಾಗಲೇ ಮನೆಯಲ್ಲಿದ್ದರೆ, ಆ ಕಷ್ಟದ ದಿನಗಳು ಕಳೆಯುವವರೆಗೆ ಕಾನೂನು ಒಪ್ಪುವ ಬೇರೆ ಕಡೆ ಇಡಿಸಿ.

ಲೈಸೆನ್ಸ್ ಇದ್ದರೆ ಸಾಕಲ್ವಾ? ಮತ್ತೇನು ನೋಡಬೇಕು?

ಸಾಕಾಗುವುದಿಲ್ಲ. ಮನೆಯಲ್ಲಿ ಇಟ್ಟುಕೊಳ್ಳುವುದು ಬೇರೆ, ಮೈಮೇಲೆ ಹೊತ್ತು ತಿರುಗುವುದು ಬೇರೆ, ಗಾಡಿಯಲ್ಲಿ ಸಾಗಿಸುವುದು ಬೇರೆ. ಒಂದೊಂದಕ್ಕೂ ಒಂದೊಂದು ನಿಯಮ ಇರುತ್ತದೆ. ಯಾವ ಕ್ಯಾಲಿಬರ್ (ಗುಂಡಿನ ಅಳತೆ) ಇಟ್ಟುಕೊಳ್ಳಬಹುದು, ಮ್ಯಾಗಝಿನ್‌ನಲ್ಲಿ (ಪಿಸ್ತೂಲಿಗೆ ಗುಂಡು ತುಂಬುವ ಡಬ್ಬಿ) ಎಷ್ಟು ಗುಂಡು, ಹೇಗೆ ಬೀಗ ಹಾಕಿಡಬೇಕು ಅನ್ನುವುದೂ ದೇಶದಿಂದ ದೇಶಕ್ಕೆ ಬದಲಾಗುತ್ತದೆ. ಇಷ್ಟಪಟ್ಟ ಮಾದರಿ ನಿಮ್ಮಲ್ಲಿ ನಿಷೇಧದ ಪಟ್ಟಿಯಲ್ಲಿದ್ದರೆ ಮುಂದಿನ ಓದೆಲ್ಲ ವ್ಯರ್ಥ. ಮೊದಲು ನಿಯಮ ಓದಿ, ಆಮೇಲೆ ಕ್ಯಾಟಲಾಗ್ ತೆಗೆಯಿರಿ.

'ಕಾಂಪ್ಯಾಕ್ಟ್' ಅಂದರೆ ಎಷ್ಟು ಚಿಕ್ಕದು?

ಗಟ್ಟಿ ಲೆಕ್ಕವೇನಿಲ್ಲ, ಕಂಪನಿಗಳು ಬೇಕಾದಂತೆ ಹೆಸರಿಡುತ್ತವೆ. ಅಂದಾಜಿಗೆ ನಾಲ್ಕು ಮೆಟ್ಟಿಲು ಇಟ್ಟುಕೊಳ್ಳಿ. ಪೊಲೀಸರ ಸೊಂಟದಲ್ಲಿರುವ ಪೂರ್ತಿ ಅಳತೆಯದು, ಉದಾಹರಣೆಗೆ ಗ್ಲಾಕ್ 17: ನಳಿಗೆ 114 ಮಿ.ಮೀ., 17 ಗುಂಡು. ಅದರ ಕೆಳಗಿನದು ಕಾಂಪ್ಯಾಕ್ಟ್. ಗ್ಲಾಕ್ 19 ಇದಕ್ಕೆ ಒಳ್ಳೆಯ ಉದಾಹರಣೆ: 102 ಮಿ.ಮೀ. ನಳಿಗೆ, 15 ಗುಂಡು. ಇನ್ನೂ ಕೆಳಗೆ ಸಬ್‌ಕಾಂಪ್ಯಾಕ್ಟ್. 2018ರಲ್ಲಿ ಬಂದ ಸಿಗ್ ಪಿ365 ಇಲ್ಲಿ ಆಟವನ್ನೇ ಬದಲಿಸಿತು. ಸುಮಾರು ಅರ್ಧ ಕಿಲೋ ತೂಕದ, ಅಂಗೈ ಅಗಲದ ಪಿಸ್ತೂಲಿನಲ್ಲಿ 10 ಗುಂಡು ಹಿಡಿಸಿದರು. ಎಲ್ಲಕ್ಕಿಂತ ಕೆಳಗೆ ಜೇಬಿನ ಪಿಸ್ತೂಲು. 2008ರ ರೂಗರ್ ಎಲ್‌ಸಿಪಿ ಈ ಜಾತಿಯದು, ಖಾಲಿ ಇದ್ದಾಗ ತೂಕ 270 ಗ್ರಾಂ ಆಸುಪಾಸು.

ರಿವಾಲ್ವರ್‌ಗಳಲ್ಲಿ 1950ರಲ್ಲಿ ಸ್ಮಿತ್ ಅಂಡ್ ವೆಸನ್ ತಂದ 'ಚೀಫ್ಸ್ ಸ್ಪೆಷಲ್' ಇವತ್ತಿಗೂ ಅಳತೆಗೋಲು. ಐದು ಗುಂಡು, ಎರಡಿಂಚಿನ ನಳಿಗೆ.

ಚಿಕ್ಕದಾದಷ್ಟೂ ಒಳ್ಳೆಯದಲ್ವಾ? ಕೈಗೂ ಹಗುರ, ಅಡಗಿಸೋಕೂ ಸುಲಭ.

ಈ ಒಂದು ನಂಬಿಕೆಯಿಂದ ಆಗುವಷ್ಟು ತಪ್ಪು ಆಯ್ಕೆ ಬೇರೆ ಯಾವುದರಿಂದಲೂ ಆಗುವುದಿಲ್ಲ. ಚಿಕ್ಕ ಪಿಸ್ತೂಲು ಅಡಗಿಸಲು ಸುಲಭ, ಹೊಡೆಯಲು ಕಷ್ಟ.

ಮೊದಲು ತೂಕ. ಒಂದೇ ಗುಂಡನ್ನು ಭಾರದ ಪಿಸ್ತೂಲಿನಿಂದ ಹಾರಿಸಿದರೆ ಕಡಿಮೆ ಒದೆಯುತ್ತದೆ, ಹಗುರದ್ದರಿಂದ ಜಾಸ್ತಿ ಒದೆಯುತ್ತದೆ. ನಾಲ್ಕುನೂರು ಗ್ರಾಂ ತೂಕದ ರಿವಾಲ್ವರ್‌ನಲ್ಲಿ .38 ಸ್ಪೆಷಲ್ ಅನ್ನುವ ಗುಂಡು ಹತ್ತಿಪ್ಪತ್ತು ಈಡು ಹೊಡೆಯುವಷ್ಟರಲ್ಲಿ ಹೊಸಬರ ಹೆಬ್ಬೆರಳಿನ ಬುಡ ಕೆಂಪಾಗುತ್ತದೆ. ಆಮೇಲೆ ಗುಂಡು ಹಾರುವ ಮೊದಲೇ ಕಣ್ಣು ಮುಚ್ಚಿಕೊಳ್ಳುವ ಚಟ ಹತ್ತುತ್ತದೆ. ಅದನ್ನು ಬಿಡಿಸಲು ತಿಂಗಳುಗಟ್ಟಲೆ ಬೇಕು.

ಆಮೇಲೆ ಹಿಡಿ. ಪುಟ್ಟ ಪಿಸ್ತೂಲಿನ ಹಿಡಿಯಲ್ಲಿ ಎರಡೇ ಬೆರಳು ಕೂರುತ್ತವೆ, ಕಿರುಬೆರಳು ಗಾಳಿಯಲ್ಲಿ. ಪ್ರತಿ ಈಡಿಗೂ ಅದು ಕೈಯೊಳಗೆ ಜರುಗುತ್ತದೆ, ಮತ್ತೆ ಸರಿಯಾಗಿ ಹಿಡಿಯಬೇಕು.

ಮೂರನೆಯದು ಸೈಟ್, ಅಂದರೆ ಗುರಿ ಹಿಡಿಯಲು ಪಿಸ್ತೂಲಿನ ಮೇಲಿರುವ ಗುರುತು. ಮುಂದಿನ ಸೈಟ್ ಮತ್ತು ಹಿಂದಿನ ಸೈಟ್ ನಡುವೆ 15 ಸೆಂ.ಮೀ. ಇದೆ ಅಂದುಕೊಳ್ಳಿ. ಗುರಿ ಹಿಡಿಯುವಾಗ ಒಂದು ಮಿ.ಮೀ. ಆಚೀಚೆ ಆದರೆ 7 ಮೀಟರ್ ದೂರದಲ್ಲಿ ಗುಂಡು 4.7 ಸೆಂ.ಮೀ. ಪಕ್ಕಕ್ಕೆ ಹೋಗುತ್ತದೆ. ನಡುವಿನ ಅಂತರ 10 ಸೆಂ.ಮೀ. ಮಾತ್ರ ಇದ್ದರೆ ಅದೇ ತಪ್ಪಿಗೆ 7 ಸೆಂ.ಮೀ. ಕೈ ನಡುಗುವ ಹೊತ್ತಿನಲ್ಲಿ ತಪ್ಪು ಒಂದೇ ಮಿ.ಮೀ.ಗೆ ನಿಲ್ಲುವುದೂ ಇಲ್ಲ.

ಹಾಗಾಗಿ ನನ್ನ ಮಾತು ಇಷ್ಟೇ. ನಿಮ್ಮ ಬದುಕಿಗೆ ಹೊಂದುವ ಅತಿ ದೊಡ್ಡದನ್ನು ತೆಗೆದುಕೊಳ್ಳಿ. ಮನೆಯ ತಿಜೋರಿಯಲ್ಲೇ ಇರುವುದಾದರೆ ಪುಟ್ಟದರ ಅಗತ್ಯವೇ ಇಲ್ಲ, ಕಾಂಪ್ಯಾಕ್ಟ್ ಅಥವಾ ಪೂರ್ತಿ ಅಳತೆಯದೇ ವಾಸಿ. ಜೇಬಿನ ಪಿಸ್ತೂಲು ಚೆನ್ನಾಗಿ ಪಳಗಿದವರ ಎರಡನೇ ಆಯುಧ. "ಹೆಂಗಸರಿಗೆ ಪುಟ್ಟದು" ಅಂತ ಮಾರುವುದಂತೂ ಶುದ್ಧ ತಪ್ಪು. ಕೈ ಚಿಕ್ಕದಿದ್ದವರಿಗೆ ಬೇಕಾಗಿರುವುದು ತೆಳ್ಳಗಿನ ಹಿಡಿ. ಹಗುರ ಪಿಸ್ತೂಲು ಅವರಿಗೂ ಅಷ್ಟೇ ಜೋರಾಗಿ ಒದೆಯುತ್ತದೆ.

## ಆರಿಸುವಾಗ

ರಿವಾಲ್ವರಾ, ಪಿಸ್ತೂಲಾ? ರಿವಾಲ್ವರ್ ಕೈ ಕೊಡೋದೇ ಇಲ್ಲ ಅಂತಾರಲ್ಲ.

ಅರ್ಧ ನಿಜ. ರಿವಾಲ್ವರ್‌ನಲ್ಲಿ ಒಂದು ಗುಂಡು ಹಾರದಿದ್ದರೆ ಮತ್ತೆ ಟ್ರಿಗರ್ ಎಳೆದರಾಯಿತು, ಗುಂಡು ತುಂಬಿದ ಚಕ್ರ ತಿರುಗಿ ಮುಂದಿನದು ಬರುತ್ತದೆ.  ತುಂಬಿದೆಯಾ ಖಾಲಿಯಾ ಅಂತ ಚಕ್ರ ತೆಗೆದು ಕಣ್ಣಲ್ಲೇ ನೋಡಬಹುದು. ಆದರೆ ಒಳಗೆ ಏನಾದರೂ ಕೆಟ್ಟು ಚಕ್ರ ಸಿಕ್ಕಿಬಿದ್ದರೆ ಆ ಹೊತ್ತಿಗೆ ಅದು ಕಬ್ಬಿಣದ ತುಂಡು, ಮಿಸ್ತ್ರಿ ಕೈಗೇ ಹೋಗಬೇಕು. ತೀರಾ ಹಗುರ ರಿವಾಲ್ವರ್‌ಗಳಲ್ಲಿ ಇನ್ನೊಂದು ತಾಪತ್ರಯ. ಒದೆತದ ರಭಸಕ್ಕೆ ಚಕ್ರದ ಪಕ್ಕದ ಕೋಣೆಯಲ್ಲಿ (ಗುಂಡು ಕೂರುವ ಗೂಡು) ಇರುವ ತೋಟಾದ ಮೂತಿ ಸ್ವಲ್ಪ ಮುಂದೆ ಜಾರಿ, ಚಕ್ರ ತಿರುಗದಂತೆ ಮಾಡಬಹುದು.

ರಿವಾಲ್ವರ್‌ನ ದೊಡ್ಡ ಕಷ್ಟ ಟ್ರಿಗರ್. ಸಾಮಾನ್ಯವಾಗಿ ಐದು ಕಿಲೋ ಹತ್ತಿರದ ಎಳೆತ, ದೂರವೂ ಜಾಸ್ತಿ. ಆಯುಧದ ತೂಕಕ್ಕಿಂತ ಹತ್ತು ಪಟ್ಟು ಬಲ ಹಾಕಿ ಎಳೆಯುವಾಗ ಮೂತಿ ಅಲುಗದಂತೆ ಹಿಡಿಯುವುದು ಅಭ್ಯಾಸದಿಂದ ಮಾತ್ರ ಬರುತ್ತದೆ. ಈಗಿನ ಪಿಸ್ತೂಲುಗಳಲ್ಲಿ ಎರಡೂವರೆ ಕಿಲೋ ಆಸುಪಾಸು. ಗುಂಡೂ ಜಾಸ್ತಿ, ಮತ್ತೆ ತುಂಬುವುದೂ ಬೇಗ. ಅದರ ಬದಲಿಗೆ ಸ್ಲೈಡ್ (ಪಿಸ್ತೂಲಿನ ಮೇಲೆ ಹಿಂದೆ ಮುಂದೆ ಜಾರುವ ಭಾಗ), ಮ್ಯಾಗಝಿನ್, ಸಿಕ್ಕಿಕೊಂಡರೆ ಬಿಡಿಸುವುದು ಎಲ್ಲ ಕಲಿಯಬೇಕು.

ತಿಂಗಳಿಗೊಮ್ಮೆ ರೇಂಜ್‌ಗೆ, ಅಂದರೆ ಗುಂಡು ಹೊಡೆದು ಅಭ್ಯಾಸ ಮಾಡುವ ಜಾಗಕ್ಕೆ, ಹೋಗುವವರಾದರೆ ಪಿಸ್ತೂಲು. ಹೋಗುವುದಿಲ್ಲ ಅಂತ ನಿಮಗೇ ಗೊತ್ತಿದ್ದರೆ ಉಕ್ಕಿನ, ಸ್ವಲ್ಪ ತೂಕದ ರಿವಾಲ್ವರ್. ಅದಕ್ಕಿಂತ ಒಳ್ಳೆಯದು, ಮೊದಲ ಪ್ರಶ್ನೆಗೆ ವಾಪಸ್ ಹೋಗುವುದು.

ಯಾವ ಕ್ಯಾಲಿಬರ್ ತಗೊಳ್ಳಲಿ? .22 ಸಾಕಾ?

ವಾದ ಮಾಡಲು ಇಷ್ಟಪಡುವವರಿಗೆ ಇದು ಮುಗಿಯದ ವಿಷಯ. ಆಯ್ಕೆ ಮಾಡುವವರಿಗೆ ಅಷ್ಟು ಕಷ್ಟವಿಲ್ಲ.

9 ಎಂಎಂ ಪ್ಯಾರಾಬೆಲಮ್ 1902ರಷ್ಟು ಹಳೆಯದು, ಜಾರ್ಜ್ ಲೂಗರ್ ರೂಪಿಸಿದ್ದು. ಶಕ್ತಿ ಸುಮಾರು 450ರಿಂದ 500 ಜೂಲ್. ಕಾನೂನು ಬಿಟ್ಟರೆ, ಕೈ ಒಪ್ಪಿದರೆ, ಇದೇ ಮೊದಲ ಆಯ್ಕೆ. .38 ಸ್ಪೆಷಲ್ ರಿವಾಲ್ವರ್‌ನವರ ಹಳೆಯ ನೆಂಟ, 1898ರಿಂದ ಇದೆ. ಚಿಕ್ಕ ನಳಿಗೆಯಲ್ಲಿ ಇದರ ವೇಗ ಬಹಳ ಇಳಿಯುತ್ತದೆ. ಜಾನ್ ಬ್ರೌನಿಂಗ್ ರೂಪಿಸಿ 1908ರಲ್ಲಿ ಬಂದ .380 ಎಸಿಪಿ 9 ಎಂಎಂನ ಅರ್ಧಕ್ಕಿಂತ ಸ್ವಲ್ಪ ಮೇಲಿನ ಶಕ್ತಿಯದು. ಒದೆತ ತಾಳಲಾಗದವರಿಗೆ ಇದು ಮರ್ಯಾದೆಯ ಆಯ್ಕೆ. .32 ಅದಕ್ಕಿಂತ ಕೆಳಗೆ. 9 ಎಂಎಂ ಜನಸಾಮಾನ್ಯರಿಗೆ ಕೊಡದ ಕಡೆಗಳಲ್ಲಿ .32 ಇಟ್ಟುಕೊಂಡವರು ಬಹಳ ಇದ್ದಾರೆ.

.22ರ ತೊಂದರೆ ಶಕ್ತಿಯದ್ದಷ್ಟೇ ಅಲ್ಲ. ಅದರಲ್ಲಿ ಕಿಡಿ ಹೊತ್ತಿಸುವ ಮದ್ದು ತೋಟಾದ ಅಂಚಿನ ಸುತ್ತ ಇರುತ್ತದೆ. ಆ ಮದ್ದು ಒಂದು ಕಡೆ ತೆಳ್ಳಗಾಗಿದ್ದು ಪಿನ್ ಅಲ್ಲೇ ಬಡಿದರೆ ಠುಸ್. ನಡುವೆ ಪ್ರೈಮರ್ (ಆ ಕಿಡಿಯ ಮದ್ದು) ಇರುವ ಗುಂಡುಗಳಲ್ಲಿ ಇದು ಅಪರೂಪ. ಆದರೂ ಸಂಧಿವಾತದಿಂದ ಬೇರೇನೂ ಹಿಡಿಯಲಾಗದವರಿಗೆ, ಗುರಿಗೆ ಬೀಳುವ .22 ಗುರಿ ತಪ್ಪುವ .38ಗಿಂತ ಮೇಲು.

ದೊಡ್ಡ ಗುಂಡು ತಗುಲಿದ್ರೆ ಆಸಾಮಿ ಅಲ್ಲೇ ಬಿದ್ದುಹೋಗ್ತಾನೆ, ಅಲ್ವಾ?

ಸಿನಿಮಾದಲ್ಲಿ ಮಾತ್ರ. ಯಾವ ಕೈಬಂದೂಕಿನ ಗುಂಡೂ ಮನುಷ್ಯನನ್ನು ಹಿಂದಕ್ಕೆ ಎಸೆಯುವುದಿಲ್ಲ. ಹಾಗೆ ಎಸೆಯುವಷ್ಟು ತಳ್ಳುವಿಕೆ ಇದ್ದಿದ್ದರೆ ಹಾರಿಸಿದವನೂ ಹಿಂದಕ್ಕೆ ಬೀಳಬೇಕಿತ್ತು.

1986ರ ಏಪ್ರಿಲ್‌ನಲ್ಲಿ ಮಯಾಮಿಯಲ್ಲಿ ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐ ಮತ್ತು ಇಬ್ಬರು ಬ್ಯಾಂಕ್ ದರೋಡೆಕೋರರ ನಡುವೆ ನಡೆದ ಕಾಳಗ ಈ ವಿಷಯದಲ್ಲಿ ದೊಡ್ಡ ಪಾಠವಾಯಿತು. ಒಬ್ಬನಿಗೆ ಶುರುವಿನಲ್ಲೇ ತಗುಲಿದ 9 ಎಂಎಂ ಗುಂಡು ಎದೆಯೊಳಗೆ ಹೋಗಿ ಹೃದಯಕ್ಕೆ ಮೊದಲೇ ನಿಂತಿತು. ಆಮೇಲೂ ಅವನು ಹೋರಾಡುತ್ತಲೇ ಇದ್ದ, ಇಬ್ಬರು ಏಜೆಂಟರು ಸತ್ತರು. ಅದಾದ ಮೇಲೆ ಎಫ್‌ಬಿಐ ಮೊದಲು 10 ಎಂಎಂ, ಆಮೇಲೆ .40 ಅಂತ ದೊಡ್ಡ ಕ್ಯಾಲಿಬರ್ ಹಿಂದೆ ಹೋಯಿತು. ಗುಂಡುಗಳ ತಯಾರಿಕೆ ಸುಧಾರಿಸಿದ ಮೇಲೆ 2010ರ ದಶಕದ ನಡುವೆ ಮತ್ತೆ 9 ಎಂಎಂಗೇ ಮರಳಿತು. ಒದೆತ ಕಡಿಮೆ, ಗುರಿ ಚೆನ್ನ, ಗುಂಡು ಜಾಸ್ತಿ.

ನಮ್ಮಮ್ಮನಿಗೆ ಅರವತ್ತು ದಾಟಿದೆ. ಸ್ಲೈಡ್ ಹಿಂದಕ್ಕೆ ಎಳೆಯೋಕೇ ಆಗಲ್ಲ. ಏನು ಮಾಡೋದು?

ಅರ್ಧ ಸಮಸ್ಯೆ ಬಲದ್ದಲ್ಲ, ರೀತಿಯದು. ಬಹಳ ಜನ ಪಿಸ್ತೂಲನ್ನು ಮುಂದೆ ಚಾಚಿ ಹಿಡಿದು, ಸ್ಲೈಡನ್ನು ಎರಡು ಬೆರಳಲ್ಲಿ ಚಿವುಟಿ ಎಳೆಯುತ್ತಾರೆ. ಹಾಗಲ್ಲ. ಪಿಸ್ತೂಲನ್ನು ಎದೆ ಹತ್ತಿರ ತನ್ನಿ. ಮೂತಿ ಯಾರ ಕಡೆಗೂ ಇರಬಾರದು, ಬೆರಳು ಟ್ರಿಗರ್‌ನಿಂದ ಹೊರಗೆ. ಎಡಗೈಯ ಅಂಗೈ ಪೂರ್ತಿ ಸ್ಲೈಡ್ ಮೇಲೆ ಕೂರಲಿ. ಈಗ ಸ್ಲೈಡನ್ನು ಗಟ್ಟಿಯಾಗಿ ಹಿಡಿದು, ಬಲಗೈಯಿಂದ ಪಿಸ್ತೂಲನ್ನೇ ಮುಂದಕ್ಕೆ ತಳ್ಳಿ. ಬೆರಳಿನ ಬದಲು ಭುಜದ ಬಲ ಕೆಲಸ ಮಾಡುತ್ತದೆ. "ಆಗಲ್ಲ" ಅಂದವರಲ್ಲಿ ಎಷ್ಟೋ ಜನಕ್ಕೆ ಹೀಗೆ ಆಗಿಬಿಡುತ್ತದೆ.

ಆಗದಿದ್ದರೆ ಪಿಸ್ತೂಲು ಬದಲಿಸಿ. ಚಿಕ್ಕ ಕ್ಯಾಲಿಬರ್ ಅಂದರೆ ಹಗುರ ಸ್ಲೈಡ್ ಅಂದುಕೊಳ್ಳಬೇಡಿ. 1931ರ ವಾಲ್ಥರ್ ಪಿಪಿಕೆ ತರಹದ ಪಿಸ್ತೂಲುಗಳಲ್ಲಿ ನಳಿಗೆಗೂ ಸ್ಲೈಡಿಗೂ ಕೊಂಡಿ ಇರುವುದಿಲ್ಲ. ಒದೆತವನ್ನೆಲ್ಲ ಸ್ಲೈಡಿನ ತೂಕ ಮತ್ತು ಸ್ಪ್ರಿಂಗೇ ತಡೆಯಬೇಕು. ಅದಕ್ಕೇ .380 ಪಿಪಿಕೆಯ ಸ್ಲೈಡ್ ಎಷ್ಟೋ 9 ಎಂಎಂಗಳಿಗಿಂತ ಬಿಗಿ. 2018ರ ಸ್ಮಿತ್ ಅಂಡ್ ವೆಸನ್ .380 ಶೀಲ್ಡ್ ಇಝಡ್ ಮಾಡಿದ್ದೇ ಇಂಥ ಕೈಗಳಿಗಾಗಿ. ಬೆರೆಟ್ಟಾದ ಬಾಬ್‌ಕ್ಯಾಟ್, ಟಾಮ್‌ಕ್ಯಾಟ್‌ಗಳಲ್ಲಿ ಒಂದು ಲಿವರ್ ಒತ್ತಿದರೆ ನಳಿಗೆಯ ಹಿಂಭಾಗ ಮೇಲಕ್ಕೆ ಏಳುತ್ತದೆ. ತೋಟಾ ಕೈಯಿಂದಲೇ ಇಟ್ಟು ಮುಚ್ಚಬಹುದು, ಸ್ಲೈಡ್ ಎಳೆಯುವ ಕೆಲಸವೇ ಇಲ್ಲ.

ಕೈಗೆ ಸರಿ ಹೊಂದುತ್ತಾ ಅಂತ ನೋಡೋದು ಹೇಗೆ?

ಖಾಲಿ ಅಂತ ಎರಡು ಸಲ ನೋಡಿದ ಮೇಲೆ ಹಿಡಿದುಕೊಳ್ಳಿ. ಹೆಬ್ಬೆರಳು ತೋರುಬೆರಳ ನಡುವಿನ ಚರ್ಮ ಹಿಡಿಯ ಹಿಂಭಾಗದ ತುದಿಗೆ ಒತ್ತಿ ಕೂರಬೇಕು. ಪಿಸ್ತೂಲು, ಮಣಿಕಟ್ಟು, ಮುಂಗೈ ಒಂದೇ ಗೆರೆಯಲ್ಲಿರಬೇಕು. ಆ ಹಿಡಿತ ಬದಲಿಸದೆ ತೋರುಬೆರಳಿನ ಮೊದಲ ಗೆಣ್ಣಿನ ಮೆತ್ತನೆ ಭಾಗ ಟ್ರಿಗರ್‌ಗೆ ತಲುಪಬೇಕು. ತಲುಪಿಸಲು ಕೈ ತಿರುಗಿಸಬೇಕಾಯಿತಾ? ಹಾಗಾದರೆ ಅದು ನಿಮ್ಮದಲ್ಲ. ಮ್ಯಾಗಝಿನ್ ಬಿಡಿಸುವ ಗುಂಡಿ, ಸೇಫ್ಟಿ (ಗುಂಡು ಹಾರದಂತೆ ತಡೆಯುವ ಚಿಕ್ಕ ಲಿವರ್) ಇದ್ದರೆ ಅದು, ಹೆಬ್ಬೆರಳಿಗೆ ಸಿಗುತ್ತವಾ ನೋಡಿ. ಆಮೇಲೆ ಬಾಡಿಗೆಗೋ ಗೆಳೆಯರದ್ದೋ ಸಿಕ್ಕರೆ ರೇಂಜ್‌ನಲ್ಲಿ ಹಾರಿಸಿ ನೋಡಿ. ಅಂಗಡಿಯಲ್ಲಿ ಹಿತ ಅನಿಸಿದ್ದು ಐವತ್ತನೇ ಈಡಿಗೆ ಹಿಂಸೆ ಅನಿಸಬಹುದು.

ಮ್ಯಾನುಯಲ್ ಸೇಫ್ಟಿ ಇರಲೇಬೇಕಾ?

ಇರಲೇಬೇಕು ಅಂತಿಲ್ಲ. ಇದ್ದರೆ, ಪ್ರತಿ ಅಭ್ಯಾಸದಲ್ಲೂ ಅದನ್ನು ಇಳಿಸುವುದು ಕೈಗೆ ರೂಢಿಯಾಗಬೇಕು. ಇಲ್ಲದಿದ್ದರೆ, ಟ್ರಿಗರ್ ಪೂರ್ತಿ ಮುಚ್ಚುವ ಹೋಲ್‌ಸ್ಟರ್ (ಪಿಸ್ತೂಲಿನ ಒರೆ) ಬೇಕೇ ಬೇಕು. ಯಾವ ಸೇಫ್ಟಿಯೂ ಬೆರಳಿನ ಶಿಸ್ತಿಗೆ ಬದಲಿಯಲ್ಲ. ಬಿದ್ದರೆ ಹಾರದಂತೆ ತಡೆಯುವ ಒಳಗಿನ ಏರ್ಪಾಡು ಮಾತ್ರ ಇರಲೇಬೇಕು. ಅದಿದೆ ಅಂದಮೇಲೆ ಕಂಪನಿಯ ಮಾತನ್ನೇ ನಂಬಿ ಕೂರುವುದೂ ಸಲ್ಲ. 2017ರಲ್ಲಿ ಸಿಗ್ ಪಿ320 ಕೆಲವು ಕೋನದಲ್ಲಿ ಬಿದ್ದಾಗ ಹಾರುತ್ತದೆ ಅಂತ ಗೊತ್ತಾಗಿ, ಕಂಪನಿ ಒಳಭಾಗ ಬದಲಿಸಿಕೊಡಬೇಕಾಯಿತು. ಯಾವ ಮಾದರಿ ತೆಗೆದುಕೊಂಡರೂ ಕಂಪನಿ ಅದನ್ನು ಹೀಗೆ ಸರಿಪಡಿಸಲು ವಾಪಸ್ ಕರೆದಿದೆಯಾ ಅಂತ ಒಮ್ಮೆ ವಿಚಾರಿಸಿ.

ಹಳೆಯದು, ಕೈ ಬದಲಾದದ್ದು ತಗೋಬಹುದಾ?

ಧಾರಾಳವಾಗಿ, ಕಾಗದಪತ್ರ ಸರಿ ಇದ್ದರೆ. ರಿವಾಲ್ವರ್ ಆದರೆ ಖಾಲಿ ಮಾಡಿ, ಹ್ಯಾಮರ್ (ಹಿಂದಿರುವ ಪುಟ್ಟ ಸುತ್ತಿಗೆ) ಎಳೆದು ನಿಲ್ಲಿಸಿ, ಚಕ್ರವನ್ನು ಬೆರಳಲ್ಲಿ ಅಲುಗಾಡಿಸಿ. ಕೂದಲೆಳೆಯಷ್ಟು ಅಲುಗಿದರೆ ಸರಿ, ಲೊಡಲೊಡ ಅಂದರೆ ಬೇಡ. ನಳಿಗೆಯೊಳಗೆ ಬೆಳಕು ಬಿಟ್ಟು ನೋಡಿದಾಗ ಒಂದು ಕಡೆ ಕಪ್ಪು ಉಂಗುರ ಕಂಡರೆ ಅಲ್ಲಿ ನಳಿಗೆ ಉಬ್ಬಿರಬಹುದು, ಮುಟ್ಟಬೇಡಿ. ತೀರಾ ಹಳೆಯ ರಿವಾಲ್ವರ್‌ಗಳಲ್ಲಿ ಹ್ಯಾಮರ್‌ಗೆ ಪೆಟ್ಟು ಬಿದ್ದರೆ ಗುಂಡು ಹಾರುತ್ತದೆ. ಹಿಂದಿನವರು ಹ್ಯಾಮರ್ ಕೆಳಗಿನ ಕೋಣೆ ಖಾಲಿ ಬಿಡುತ್ತಿದ್ದದ್ದು ಅದಕ್ಕೇ. ಪಿಸ್ತೂಲಾದರೆ ಮ್ಯಾಗಝಿನ್ ತುಟಿಗಳು (ಮೇಲಿನ ಬಾಯಿಯ ಅಂಚು) ಬಾಗಿಲ್ಲವಾ ನೋಡಿ, ಸ್ಪ್ರಿಂಗ್ ಹೊಸದು ಹಾಕಿಸಿ. ಕೊನೆಗೆ ಬಲ್ಲ ಮಿಸ್ತ್ರಿಗೆ ಒಮ್ಮೆ ತೋರಿಸಿ.

## ಮನೆಗೆ ಬಂದ ಮೇಲೆ

ನಾನು ಬಂದೂಕು ಮುಟ್ಟಿದವನೇ ಅಲ್ಲ. ಮೊದಲು ಏನು ಕಲಿಯಬೇಕು?

ನಾಲ್ಕು ನಿಯಮ. ಅಮೆರಿಕದ ತರಬೇತುದಾರ ಜೆಫ್ ಕೂಪರ್ ಇವನ್ನು ಈ ರೂಪಕ್ಕೆ ತಂದರು, ಇವತ್ತು ಎಲ್ಲ ರೇಂಜ್‌ಗಳಲ್ಲೂ ಹೆಚ್ಚುಕಡಿಮೆ ಇದೇ ಪಾಠ. ಕೈಯಲ್ಲಿರುವ ಬಂದೂಕು ಯಾವಾಗಲೂ ತುಂಬಿದೆ ಅಂತಲೇ ತಿಳಿಯಿರಿ. ಹಾಳಾದರೂ ಪರವಾಗಿಲ್ಲ ಅನ್ನಲಾಗದ ಯಾವುದರ ಕಡೆಗೂ ಮೂತಿ ತಿರುಗಿಸಬೇಡಿ. ಗುರಿಯ ಮೇಲೆ ಸೈಟ್ ಕೂರುವವರೆಗೆ ಬೆರಳು ಟ್ರಿಗರ್ ಹೊರಗಿರಲಿ. ಗುರಿ ಏನು, ಅದರ ಹಿಂದೆ ಏನಿದೆ ಅಂತ ಗೊತ್ತಿರಲಿ. ನಾಲ್ಕರಲ್ಲಿ ಒಂದನ್ನು ಮುರಿದರೆ ಹೆದರಿಕೆಯಷ್ಟೇ ಆಗಿ ಉಳಿದುಕೊಳ್ಳಬಹುದು, ಎರಡು ಒಟ್ಟಿಗೆ ಮುರಿದಾಗ ಜನ ಸಾಯುತ್ತಾರೆ.

ಕಿವಿಗೆ ಮಫ್, ಕಣ್ಣಿಗೆ ಕನ್ನಡಕ ತಪ್ಪಬಾರದು. 140 ಡೆಸಿಬೆಲ್ ದಾಟಿದ ಒಂದೇ ಸದ್ದು ಕಿವಿಯನ್ನು ಶಾಶ್ವತವಾಗಿ ಕೆಡಿಸಬಹುದು. ಬಹುತೇಕ ಪಿಸ್ತೂಲುಗಳ ಸದ್ದು ಅದನ್ನು ದಾಟುತ್ತದೆ. ಚಿಕ್ಕ ನಳಿಗೆಯ ಸಿಡಿತ ಕಿವಿಗೆ ಇನ್ನೂ ಹತ್ತಿರ. ಹೊಡೆದಾದ ಮೇಲೆ ಸೋಪು ಹಾಕಿ ಕೈ ತೊಳೆದೇ ಊಟಕ್ಕೆ ಕೂರಿ, ಸೀಸದ ಪುಡಿ ಕೈಗೆ ಮೆತ್ತಿರುತ್ತದೆ.

ಮನೇಲಿ ಮಕ್ಕಳಿದ್ದಾರೆ. ಎಲ್ಲಿಡಲಿ? ಬೀರು ಮೇಲೆ ಇಟ್ಟರೆ ಸಾಕಾ?

ಸಾಲದು. ಬೀರು ಮೇಲೆ, ಬಟ್ಟೆ ಮಡಿಕೆಯೊಳಗೆ, ಹಾಸಿಗೆ ಕೆಳಗೆ, ಇವೆಲ್ಲ ಮಕ್ಕಳು ಮೊದಲು ಹುಡುಕುವ ಜಾಗಗಳು. ಹಬ್ಬಕ್ಕೆ ತಂದು ಬಚ್ಚಿಟ್ಟ ಸಿಹಿ ಹುಡುಕಿ ತೆಗೆದ ಮಕ್ಕಳು ಇದನ್ನು ಹುಡುಕದೆ ಬಿಡುತ್ತಾರಾ? "ನಮ್ಮ ಮಗು ಮುಟ್ಟಲ್ಲ, ಹೇಳಿದ್ದೀನಿ" ಅನ್ನುವ ಮಾತಿನ ಮೇಲೆ ಜೀವ ಇಡಬೇಡಿ. ಮೂರು ವರ್ಷದ ಮಗು ಎರಡೂ ಹೆಬ್ಬೆರಳು ಸೇರಿಸಿ ಟ್ರಿಗರ್ ಒತ್ತಬಲ್ಲದು. ಹಾಗೆ ಒತ್ತುವಾಗ ಮೂತಿ ಅದರ ಕಡೆಗೇ ಇರುತ್ತದೆ.

ಸಾಮಾನ್ಯ ದಿನಗಳಲ್ಲಿ ಪಿಸ್ತೂಲು ಖಾಲಿ, ಬೀಗದೊಳಗೆ. ಗುಂಡು ಬೇರೆ ಬೀಗದೊಳಗೆ. ನಿಜವಾಗಿಯೂ ರಾತ್ರಿ ಬೇಗ ಕೈಗೆ ಸಿಗಬೇಕು ಅನ್ನುವ ಪರಿಸ್ಥಿತಿ ಇದ್ದರೆ, ನಾಲ್ಕೈದು ಗುಂಡಿ ಒತ್ತಿ ತೆರೆಯುವ ಚಿಕ್ಕ ಉಕ್ಕಿನ ಪೆಟ್ಟಿಗೆ ಸಿಗುತ್ತದೆ. ಅದನ್ನು ಮಂಚಕ್ಕೋ ಗೋಡೆಗೋ ಬೋಲ್ಟ್ ಮಾಡಿ. ಹಾಗೇ ಬಿಟ್ಟರೆ ಕಳ್ಳ ಪೆಟ್ಟಿಗೆ ಸಮೇತ ಒಯ್ಯುತ್ತಾನೆ. ಬೆರಳಚ್ಚಿನ ಪೆಟ್ಟಿಗೆಗಳು ಬೆವರಿದ ಕೈಗೆ ಮೊಂಡಾಟ ಮಾಡುವುದುಂಟು, ಗುಂಡಿಯದೇ ನನಗೆ ಇಷ್ಟ. ಬ್ಯಾಟರಿ ವರ್ಷಕ್ಕೊಮ್ಮೆ ಬದಲಿಸಿ. ಅದರ ಜೊತೆ ಬಂದ ಬೀಗದ ಕೈಯನ್ನು ಟೇಬಲ್ ಡ್ರಾದಲ್ಲಿ ಇಟ್ಟರೆ ಪೆಟ್ಟಿಗೆ ಇದ್ದೂ ಇಲ್ಲದಂತೆ.

ಬ್ಯಾಗ್‌ನಲ್ಲೋ ಜೇಬಿನಲ್ಲೋ ಹಾಗೇ ಹಾಕ್ಕೊಂಡು ಹೋಗಬಹುದಾ?

ಹೋಲ್‌ಸ್ಟರ್ ಇಲ್ಲದೆ ಬೇಡವೇ ಬೇಡ. ಜೇಬಿನಲ್ಲಿ ಕೀ, ಪೆನ್ನು ಇರುತ್ತವೆ. ಅವುಗಳಲ್ಲಿ ಒಂದು ಟ್ರಿಗರ್ ಗಾರ್ಡ್ ಒಳಗೆ ತೂರಿದರೆ ತೊಡೆಗೇ ಗುಂಡು. ಹೋಲ್‌ಸ್ಟರ್ ಗಟ್ಟಿಯದಾಗಿರಲಿ, ಟ್ರಿಗರ್ ಪೂರ್ತಿ ಮುಚ್ಚಲಿ, ಪಿಸ್ತೂಲು ತೆಗೆದ ಮೇಲೂ ಬಾಯಿ ತೆರೆದೇ ಇರಲಿ. ಮೆತ್ತನೆ ಚರ್ಮ ಹಳೆಯದಾದಂತೆ ಮಡಿಚಿಕೊಂಡು, ವಾಪಸ್ ಇಡುವಾಗ ಟ್ರಿಗರ್‌ಗೆ ಸಿಕ್ಕಿಕೊಳ್ಳುತ್ತದೆ. ವಾಪಸ್ ಇಡುವಾಗ ಅವಸರವೇಕೆ? ನಿಧಾನವಾಗಿ, ನೋಡಿಕೊಂಡು ಇಡಿ.

ಬ್ಯಾಗ್ ನನಗೆ ಒಪ್ಪಿಗೆಯಿಲ್ಲ. ಅದನ್ನು ಕೆಳಗಿಡುತ್ತೀರಿ, ಮರೆಯುತ್ತೀರಿ, ಮಕ್ಕಳು ಕೈ ಹಾಕುತ್ತಾರೆ, ಬ್ಯಾಗ್ ಕಿತ್ತುಕೊಂಡು ಓಡುವವನಿಗೆ ಪಿಸ್ತೂಲೂ ಸಿಗುತ್ತದೆ. ಗಾಡಿಯಲ್ಲಿ ಬಿಟ್ಟು ಹೋಗುವುದು ಇದಕ್ಕಿಂತ ಕೆಟ್ಟದ್ದು.

ಯಾವ ಗುಂಡು ಹಾಕಲಿ? ಪಕ್ಕದ ಕೋಣೆಗೆ ತೂರಿಹೋದ್ರೆ?

ಹೆದರಿಕೆ ಸರಿಯಾದದ್ದೇ. ತಾಮ್ರದ ಹೊದಿಕೆ ಇರುವ ಸಾಮಾನ್ಯ ಗುಂಡು ಅಭ್ಯಾಸಕ್ಕೆ. ಅದು ಮೈಯೊಳಗೂ ಗೋಡೆಯೊಳಗೂ ನೇರ ತೂರಿ ಆಚೆ ಹೋಗುವ ಸಂಭವ ಜಾಸ್ತಿ. ಮೂತಿಯಲ್ಲಿ ಗುಳಿ ಇರುವ ಹಾಲೋ ಪಾಯಿಂಟ್ ಮೈಗೆ ತಗುಲಿದಾಗ ಅರಳಿ ಅಲ್ಲೇ ನಿಲ್ಲುವಂತೆ ಮಾಡಿದ್ದು. ಯುದ್ಧದಲ್ಲಿ ಇಂಥ ಗುಂಡಿಗೆ 1899ರ ಹೇಗ್ ಘೋಷಣೆ ತಡೆ ಹಾಕಿತು, ಆದರೆ ಅನೇಕ ದೇಶಗಳ ಪೊಲೀಸರು ಇದನ್ನೇ ಬಳಸುತ್ತಾರೆ. ಜನಸಾಮಾನ್ಯರಿಗೆ ಕೆಲವು ಕಡೆ ನಿಷೇಧವಿದೆ, ನಿಮ್ಮ ನಿಯಮ ನೋಡಿ. ಎಫ್‌ಬಿಐ ಪರೀಕ್ಷೆಯಲ್ಲಿ ಮಾಂಸದ ಬದಲಿಗೆ ಇಡುವ ಜಿಲೆಟಿನ್ ಗಡ್ಡೆಯೊಳಗೆ 30ರಿಂದ 45 ಸೆಂ.ಮೀ. ಇಳಿಯುವುದನ್ನು ಒಳ್ಳೆಯದು ಅಂತ ಎಣಿಸುತ್ತಾರೆ. ತೀರಾ ಚಿಕ್ಕ ನಳಿಗೆಯಲ್ಲಿ ವೇಗ ಸಾಲದೆ ಗುಂಡು ಅರಳದೇ ಹೋಗಬಹುದು.

ಒಂದು ಮಾತು ಮರೆಯಬೇಡಿ. ಗುರಿ ತಪ್ಪಿದರೆ ಹಾಲೋ ಪಾಯಿಂಟ್ ಕೂಡ ತೆಳು ಗೋಡೆ ದಾಟುತ್ತದೆ. ಮನೆಯಲ್ಲಿ ಯಾರು ಎಲ್ಲಿ ಮಲಗುತ್ತಾರೆ, ಯಾವ ದಿಕ್ಕಿಗೆ ಎಂದೂ ಹಾರಿಸಬಾರದು ಅಂತ ಹಗಲಲ್ಲೇ ಓಡಾಡಿ ನೋಡಿಕೊಳ್ಳಿ.

ಎಷ್ಟು ಅಭ್ಯಾಸ ಮಾಡಬೇಕು?

ಹೊಸ ಪಿಸ್ತೂಲಿನಲ್ಲಿ ಕನಿಷ್ಠ ಇನ್ನೂರು ಗುಂಡು ತೊಂದರೆಯಿಲ್ಲದೆ ಹಾರುವವರೆಗೆ ಅದನ್ನು ನಂಬಬೇಡಿ. ಆಪತ್ತಿಗೆ ಅಂತ ಇಡುವ ಗುಂಡನ್ನೂ ಒಂದೆರಡು ಮ್ಯಾಗಝಿನ್‌ನಷ್ಟು ಹಾರಿಸಿ ನೋಡಿ, ಕೆಲವು ಪಿಸ್ತೂಲುಗಳಿಗೆ ಕೆಲವು ಗುಂಡು ಹಿಡಿಸುವುದಿಲ್ಲ. ಆಮೇಲೆ ತಿಂಗಳಿಗೊಮ್ಮೆ ಐವತ್ತು ಗುಂಡು ಗಮನವಿಟ್ಟು ಹೊಡೆದರೆ, ವರ್ಷಕ್ಕೊಮ್ಮೆ ಐನೂರು ಹೊಡೆಯುವುದಕ್ಕಿಂತ ಲಾಭ. ಮನೆಯಲ್ಲಿ ಖಾಲಿ ಪಿಸ್ತೂಲಿನಿಂದ ಟ್ರಿಗರ್ ಅಭ್ಯಾಸ ಮಾಡಬಹುದು. ಗುಂಡುಗಳೆಲ್ಲ ಬೇರೆ ಕೋಣೆಗೆ ಹೋದ ಮೇಲೆ ಮಾತ್ರ. ಮುಂದಿನ ಸೈಟ್ ಮೇಲೆ ಒಂದು ನಾಣ್ಯ ನಿಲ್ಲಿಸಿ ಟ್ರಿಗರ್ ಎಳೆಯಿರಿ, ನಾಣ್ಯ ಬೀಳಬಾರದು. .22 ಇದ್ದವರು ಹಾಗೆ ಖಾಲಿ ಹೊಡೆಯಬೇಡಿ, ಪಿನ್ ಗುಂಡು ಕೂರುವ ಕೋಣೆಯ ಅಂಚಿಗೆ ಬಡಿದು ಎರಡೂ ಹಾಳಾಗಬಹುದು.

## ಇನ್ನಷ್ಟು ಆಳಕ್ಕೆ

ಹೊಡೀತಿರುವಾಗ ಸಿಕ್ಕಿಹಾಕ್ಕೊಂಡರೆ ಏನ್ ಮಾಡ್ಬೇಕು?

ಪಿಸ್ತೂಲಾದರೆ ಮ್ಯಾಗಝಿನ್ ಬುಡಕ್ಕೆ ಅಂಗೈಯಿಂದ ಬಲವಾಗಿ ಒಂದು ಪೆಟ್ಟು, ಸ್ಲೈಡನ್ನು ಪೂರ್ತಿ ಹಿಂದಕ್ಕೆ ಎಳೆದು ಬಿಡುವುದು. ಹತ್ತರಲ್ಲಿ ಬಹುಪಾಲು ಇಷ್ಟಕ್ಕೇ ಸರಿಹೋಗುತ್ತದೆ. ಖಾಲಿ ತೋಟಾ ಸ್ಲೈಡಿನ ಬಾಯಲ್ಲಿ ಚಿಮಣಿ ತರಹ ನೆಟ್ಟಗೆ ನಿಂತಿದ್ದರೂ ಇದೇ ಮದ್ದು. ಹೀಗೆ ಪದೇ ಪದೇ ಆಗುತ್ತಿದ್ದರೆ ಪಿಸ್ತೂಲನ್ನು ಬೈಯುವ ಮೊದಲು ಮಣಿಕಟ್ಟು ನೋಡಿಕೊಳ್ಳಿ. ಕೈ ಸಡಿಲ ಬಿಟ್ಟರೆ ಸ್ಲೈಡಿಗೆ ಎದುರು ಬಲ ಸಿಗದೆ ಪೂರ್ತಿ ಹಿಂದೆ ಹೋಗುವುದಿಲ್ಲ. ಹಗುರ ಪಿಸ್ತೂಲುಗಳಲ್ಲಿ ಇದು ಜಾಸ್ತಿ.

ರೇಂಜ್‌ನಲ್ಲಿ ಎರಡು ಎಚ್ಚರಿಕೆ. ಟ್ರಿಗರ್ ಎಳೆದರೂ ಹಾರದಿದ್ದರೆ ಮೂತಿಯನ್ನು ಗುರಿಯ ಕಡೆಗೇ ಇಟ್ಟು ಅರ್ಧ ನಿಮಿಷ ಕಾಯಿರಿ, ತಡವಾಗಿ ಹೊತ್ತುವುದುಂಟು. ಢಂ ಅನ್ನುವ ಬದಲು 'ಪುಸ್' ಅಂದರೆ ತಕ್ಷಣ ನಿಲ್ಲಿಸಿ. ಗುಂಡು ನಳಿಗೆಯಲ್ಲೇ ಕೂತಿರಬಹುದು, ಮುಂದಿನದು ಹಾರಿಸಿದರೆ ನಳಿಗೆ ಒಡೆಯುತ್ತದೆ.

ಟಾರ್ಚ್, ಲೇಸರ್, ರೆಡ್ ಡಾಟ್, ಇವೆಲ್ಲ ಬೇಕಾ?

ಟಾರ್ಚ್ ಬೇಕು, ಅದೂ ಕೈಯಲ್ಲಿ. ಕತ್ತಲಲ್ಲಿ ನಿಂತಿರುವುದು ಕಳ್ಳನೋ, ನೀರು ಕುಡಿಯಲು ಎದ್ದ ಮಗನೋ ಅಂತ ತಿಳಿಯದೆ ಪಿಸ್ತೂಲು ಎತ್ತಲೇಬಾರದು. ಪಿಸ್ತೂಲಿಗೇ ಕಟ್ಟಿದ ಟಾರ್ಚ್‌ನಲ್ಲಿ ಒಂದು ಕೆಡುಕಿದೆ: ಯಾರೆಂದು ನೋಡಲು ಅವರ ಕಡೆಗೇ ಮೂತಿ ತಿರುಗಿಸಬೇಕಾಗುತ್ತದೆ. ರೆಡ್ ಡಾಟ್ (ಪುಟ್ಟ ಗಾಜಿನಲ್ಲಿ ಕೆಂಪು ಚುಕ್ಕಿ ತೋರಿಸುವ ಸೈಟ್) ಚಾಳೀಸು ದಾಟಿದ ಕಣ್ಣಿಗೆ ನಿಜಕ್ಕೂ ವರ. ಮುಂದಿನ ಸೈಟ್ ಮಸುಕಾದರೂ ಚುಕ್ಕಿ ಗುರಿಯ ಮೇಲೇ ಕಾಣುತ್ತದೆ. ಆದರೆ ಚುಕ್ಕಿ ಹುಡುಕುವುದನ್ನೂ ಕಲಿಯಬೇಕು. ಲೇಸರ್ ಇದ್ದರೆ ಇರಲಿ.

21 ಅಡಿ ನಿಯಮ ಅಂತ ಕೇಳಿದ್ದೀನಿ. ಅಷ್ಟು ಹತ್ತಿರ ಬಂದರೆ ಹೊಡೀಬಹುದಾ?

ಅದು ನಿಯಮವೇ ಅಲ್ಲ. 1983ರಲ್ಲಿ ಸಾಲ್ಟ್ ಲೇಕ್ ಸಿಟಿಯ ಪೊಲೀಸ್ ಅಧಿಕಾರಿ ಡೆನಿಸ್ ಟ್ಯೂಲರ್ ಒಂದು ಲೆಕ್ಕ ಬರೆದರು. ಚಾಕು ಹಿಡಿದವನು 21 ಅಡಿ, ಅಂದರೆ 6.4 ಮೀಟರ್, ದೂರವನ್ನು ಸುಮಾರು ಒಂದೂವರೆ ಸೆಕೆಂಡಿನಲ್ಲಿ ಓಡಿ ಮುಗಿಸುತ್ತಾನೆ. ಪಳಗಿದವರಿಗೂ ಪಿಸ್ತೂಲು ಎಳೆದು ಹಾರಿಸಲು ಅಷ್ಟೇ ಹೊತ್ತು ಬೇಕು. ಇದು ಹೊಡೆಯಲು ಕೊಟ್ಟ ಅನುಮತಿ ಅಲ್ಲ. ಪಿಸ್ತೂಲು ಇದ್ದರೂ ಸಮಯ ಸಾಲುವುದಿಲ್ಲ ಅನ್ನುವ ಎಚ್ಚರಿಕೆ.

ಮನೆಗೆ ಇದನ್ನು ಹೊಂದಿಸಿ ನೋಡಿ. ರಾತ್ರಿ ಸದ್ದಾದರೆ ಕೋಣೆ ಕೋಣೆ ಹುಡುಕುತ್ತಾ ಹೋಗಬೇಡಿ. ಪ್ರತಿ ತಿರುವಿನಲ್ಲೂ ಅವನು ನಿಮಗೆ 21 ಅಡಿಗಿಂತ ಹತ್ತಿರ. ಮನೆಯವರನ್ನೆಲ್ಲ ಒಂದು ಕೋಣೆಗೆ ಸೇರಿಸಿ, ಬಾಗಿಲು ಹಾಕಿ, ಪೊಲೀಸರಿಗೆ ಫೋನ್ ಮಾಡಿ, "ಪೊಲೀಸರು ಬರ್ತಿದ್ದಾರೆ, ಹೊರಗೆ ಹೋಗು" ಅಂತ ಜೋರಾಗಿ ಕೂಗಿ. ಬಹುಪಾಲು ಕಳ್ಳರಿಗೆ ಬೇಕಿರುವುದು ವಸ್ತು, ನಿಮ್ಮ ಜೊತೆ ಜಗಳವಲ್ಲ.

ಹಾರಿಸಲೇಬೇಕಾಗಿ ಬಂದರೆ ಆಮೇಲೆ?

ಅಪಾಯ ನಿಂತ ಕ್ಷಣ ನೀವೂ ನಿಲ್ಲಿಸಬೇಕು. ಬಿದ್ದವನಿಗೆ, ಓಡುತ್ತಿರುವವನಿಗೆ ಹೊಡೆದರೆ ಅದು ರಕ್ಷಣೆಯಾಗಿ ಉಳಿಯುವುದಿಲ್ಲ. ಪೊಲೀಸರನ್ನೂ ಆಂಬುಲೆನ್ಸನ್ನೂ ಕರೆಯಿರಿ. ನೀವು ಯಾರು, ಯಾವ ಬಟ್ಟೆ ತೊಟ್ಟಿದ್ದೀರಿ ಅಂತ ಫೋನಿನಲ್ಲೇ ಹೇಳಿ. ಪೊಲೀಸರು ಬರುವ ಹೊತ್ತಿಗೆ ಪಿಸ್ತೂಲು ಕೈಯಲ್ಲಿರಬಾರದು, ಅವರಿಗೆ ನೀವು ಯಾರೆಂದು ಗೊತ್ತಿರುವುದಿಲ್ಲ. ಬಿದ್ದಿರುವ ಯಾವ ವಸ್ತುವನ್ನೂ ಜರುಗಿಸಬೇಡಿ. ವಕೀಲರ ನಂಬರ್ ಮೊದಲೇ ಬರೆದಿಟ್ಟುಕೊಳ್ಳಿ.

ಒಂದ್ಸಲ ತುಂಬಿಟ್ಟ ಗುಂಡು ಎಷ್ಟು ವರ್ಷ ಬರುತ್ತೆ?

ತಣ್ಣಗೆ, ಒಣಗಿದ ಜಾಗದಲ್ಲಿ ಪೆಟ್ಟಿಗೆಯಲ್ಲೇ ಇದ್ದರೆ ದಶಕಗಳು. ಬಿಸಿಲಲ್ಲಿ ನಿಂತ ಗಾಡಿಯ ಡ್ಯಾಶ್‌ಬೋರ್ಡ್‌ನಲ್ಲಿ ಇಟ್ಟರೆ ಆ ಮಾತಿಲ್ಲ. ಎಣ್ಣೆ ಸುರಿದ ಪಿಸ್ತೂಲಿನಲ್ಲಿದ್ದರೆ ಎಣ್ಣೆ ಪ್ರೈಮರ್‌ಗೆ ಇಳಿದು ಕೆಡಿಸಬಹುದು. ಒರೆಸಿ, ತೆಳ್ಳಗೆ ಹಚ್ಚಿ. ಮ್ಯಾಗಝಿನ್ ತುಂಬಿಟ್ಟರೆ ಸ್ಪ್ರಿಂಗ್ ಹಾಳಾಗುತ್ತೆ ಅನ್ನುವುದು ಬರೀ ಮಾತು, ಅದು ಸವೆಯುವುದು ತುಂಬಿ ತೆಗೆದು ಮಾಡುವುದರಿಂದ.

ಹೆಚ್ಚು ಜನಕ್ಕೆ ಗೊತ್ತಿಲ್ಲದ ತೊಂದರೆ ಬೇರೆ. ದಿನಾ ಪಿಸ್ತೂಲು ಖಾಲಿ ಮಾಡಿ ಮತ್ತೆ ತುಂಬುವವರು ಅದೇ ಮೊದಲ ಗುಂಡನ್ನು ಮತ್ತೆ ಮತ್ತೆ ನಳಿಗೆಯ ಹಿಂದಿನ ಕೋಣೆಗೆ ಏರಿಸುತ್ತಾರೆ. ಪ್ರತಿ ಸಲ ಮೂತಿಗೆ ಪೆಟ್ಟು ಬಿದ್ದು ಗುಂಡು ತೋಟಾದೊಳಗೆ ಸ್ವಲ್ಪ ಸ್ವಲ್ಪ ಕುಸಿಯುತ್ತದೆ. ಒಳಗಿನ ಜಾಗ ಕಡಿಮೆಯಾದಂತೆ ಹಾರಿಸುವಾಗ ಒತ್ತಡ ವಿಪರೀತ ಏರುತ್ತದೆ. ಪೆಟ್ಟಿಗೆಯಿಂದ ಹೊಸದೊಂದನ್ನು ತೆಗೆದು ಪಕ್ಕದಲ್ಲಿ ನಿಲ್ಲಿಸಿ ನೋಡಿ. ಕಣ್ಣಿಗೆ ಗೊತ್ತಾಗುವಷ್ಟು ಗಿಡ್ಡವಾಗಿದ್ದರೆ ಹಾರಿಸಬೇಡಿ, ರೇಂಜ್‌ನವರ ಕೈಗೆ ಕೊಟ್ಟುಬಿಡಿ.